ಉಗುರುಬೆಚ್ಚಗೆ

ಲಕೋಟೆಯ ಮೇಲೆ ಬರೆದಿದ್ದಾರೆ: ವಾರಿಜ, ಐವತ್ತೆರಡು, ಹೆಣ್ಣು.
ಕೆಳಗೆ ಅಚ್ಚಾಗಿದೆ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ.
ಯಾವುದಕ್ಕೂ ಗುರುತು ಹಾಕಿಲ್ಲ.
ಒಳಗಿರುವುದು ಮಾತ್ರೆಯಲ್ಲ, ಮೂಗುತಿ.

ಸ್ಕ್ಯಾನಿನ ಕೋಣೆಗೆ ಲೋಹ ತರಬಾರದಂತೆ.
ಮಣಿಪಾಲದ ನರ್ಸು ಹುಡುಗಿ ಸೋಪು ಸವರಿ
ಅರ್ಧ ಗಂಟೆ ತಿರುಗಿಸಿದಳಂತೆ. ಹತ್ತೊಂಬತ್ತು ವರ್ಷ
ಬಿಚ್ಚದ ತಿರುಪು. ನನ್ನನ್ನು ಕರೆಯಬಹುದಿತ್ತು,
ತುಕ್ಕು ಹಿಡಿದ ನಟ್ಟು ಬಿಡಿಸುವುದೇ ನನ್ನ ಕಸುಬು.
ಯಾರೂ ಕರೆಯಲಿಲ್ಲ. ಹೊರಗೆ ಬೆಂಚಿನ ಮೇಲೆ
ಅವಳ ಚಪ್ಪಲಿ ಹಿಡಿದು ಕೂತಿದ್ದೆ.

ಈಗ ಮಲ್ಪೆಯ ಮನೆಯಲ್ಲಿ, ಮೇಜಿನ ದೀಪದಡಿ ನೋಡಿದರೆ
ಕಲ್ಲೇ ಕಾಣುವುದಿಲ್ಲ.
ತೆಂಗಿನೆಣ್ಣೆ, ಪೌಡರು, ಬಂಗುಡೆ ಕಾಯಿಸಿದ ಹೊಗೆ,
ಎಲ್ಲ ಸೇರಿ ಹಿಂಬದಿಯಲ್ಲಿ ಗಟ್ಟಿಯಾಗಿ ಕೂತಿದೆ,
ಹಳೇ ಗ್ರೀಸಿನ ಹಾಗೆ.
ಸೀಮೆಎಣ್ಣೆಯ ಡಬ್ಬಿಗೆ ಕೈ ಹಾಕಿದವನು
ಯಾಕೋ ನಿಂತು
ತೆಂಕುಪೇಟೆಯ ವಾದಿರಾಜ ಆಚಾರಿಗೆ ಫೋನು ಮಾಡಿದೆ.

"ಎಂತ ಮಾರಾಯ, ಅದು ಬೋಟಿನ ಪಂಪಾ?
ಸೀಮೆಎಣ್ಣೆ ಮುಟ್ಟಬೇಡ. ಸೋಡಾ ಬೇಡ,
ಹಲ್ಲಿನ ಪೇಸ್ಟೂ ಬೇಡ, ಚಿನ್ನ ಗೀರುತ್ತದೆ.
ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪಿನ ನಾಲ್ಕು ಹನಿ,
ಮಕ್ಕಳ ಬ್ರಶ್ಶು. ಸಿಂಕಿನ ಹತ್ತಿರ ಹೋಗಲೇಬೇಡ,
ಬೋಗುಣಿಯ ಅಡಿಗೆ ಬಟ್ಟೆ ಹಾಸು.
ಅದಕ್ಕೂ ಮೊದಲು ಕಿವಿಯ ಹತ್ತಿರ ಹಿಡಿದು ಉಗುರಲ್ಲಿ ತಟ್ಟು.
ಕಲ್ಲು ಸಡಿಲ ಇದ್ದರೆ ಸದ್ದು ಬರುತ್ತದೆ. ಬಂದರೆ ತೊಳೆಯಬೇಡ,
ಕೆಲವು ಕಲ್ಲುಗಳನ್ನು ಕೊಳೆಯೇ ಹಿಡಿದಿಟ್ಟಿರುತ್ತದೆ."

ನನ್ನ ಕಿವಿಯನ್ನು ಇಂಜಿನ್ ರೂಮು ತಿಂದು ವರ್ಷಗಳಾದವು.
ತಟ್ಟಿದೆ. ಏನೂ ಇಲ್ಲ.
ಏನೂ ಇಲ್ಲ ಎಂಬುದನ್ನು ನಂಬುವ ಹಾಗೂ ಇಲ್ಲ.
ಪಕ್ಕದ ಮನೆಯ ಚಾರ್ವಿಯನ್ನು ಕರೆದೆ, ಎರಡನೇ ಕ್ಲಾಸು.
ಕಣ್ಣು ಮುಚ್ಚಿ, ಯಾರೋ ದೂರು ಹೇಳುತ್ತಿದ್ದಾರೆಂಬಂತೆ
ಗಂಭೀರವಾಗಿ ಕೇಳಿಸಿಕೊಂಡಳು.
"ಗಟ್ಟಿ ಉಂಟು ಮಾಮ."
ಮತ್ತೆ ಓಡಿಹೋಗಿ ತನ್ನ ಹಳೇ ಬ್ರಶ್ಶು ತಂದಳು.
ಹಿಡಿಯ ಮೇಲೊಂದು ಮೊಲ,
ಮೊಲದ ಒಂದು ಕಿವಿ ಅಳಿಸಿಹೋಗಿದೆ.

ಈ ಮೂಗುತಿ ನಾನು ಕೊಡಿಸಿದ್ದಲ್ಲ.
ಸಿಗಡಿ ಸುಲಿದ ದುಡ್ಡಲ್ಲಿ ಚೀಟಿ ಕಟ್ಟಿ, ಚೀಟಿ ಎತ್ತಿ,
ಒಬ್ಬಳೇ ಬಸ್ಸು ಹತ್ತಿ ಹೋಗಿ ತಂದದ್ದು.
ಬೋಟಿನ ಸಾಲ ಇರುವಾಗ ಇದೆಂಥ ಶೋಕಿ ಎಂದು
ಒಂದು ಮಳೆಗಾಲವಿಡೀ ನಾನವಳ ಮುಖ ನೋಡಲಿಲ್ಲ.
ಹಾಗಾಗಿ ಹೊಸತರಲ್ಲಿ ಅದು
ಹೇಗೆ ಹೊಳೆಯುತ್ತಿತ್ತೆಂದು ನನಗೆ ಗೊತ್ತಿಲ್ಲ.

ಇಪ್ಪತ್ತು ನಿಮಿಷ ನೆನೆಯಿತು.
ಬೆರಳಿಟ್ಟರೆ ಮೊದಲು ನನ್ನ ಬೆರಳಿನ ಕಪ್ಪೇ ಬಿಟ್ಟಿತು,
ನೀರು ಚೆಲ್ಲಿ ಮತ್ತೆ ಕಾಯಿಸಿದೆ.
ಆಮೇಲೆ ಹಿಂಬದಿಯಿಂದ, ಮೆಲ್ಲಗೆ, ಎಳೆಗಳ ತುದಿಯಷ್ಟೇ ತಾಗಿಸಿ.
ದೊಡ್ಡ ಸ್ಪ್ಯಾನರು ಹಿಡಿದ ಕೈ
ಒಂದು ಸಾಸಿವೆಗಿಂತ ತುಸು ದೊಡ್ಡದರ ಮುಂದೆ ನಡುಗಿತು.
ಬೂದಿ ಬಣ್ಣದ ಎಳೆಯೊಂದು ಬಿಚ್ಚಿಕೊಂಡು ನೀರಿಗೆ ಹೋಯಿತು:
ಹತ್ತೊಂಬತ್ತು ವರ್ಷದ ಒಗ್ಗರಣೆ.

ವಜ್ರಕ್ಕೆ ನೀರು ಹತ್ತುವುದಿಲ್ಲ,
ಎಣ್ಣೆ ಕಂಡರೆ ಬಿಡುವುದಿಲ್ಲ, ಎಂದಿದ್ದರು ಆಚಾರಿ.
ಕಡಲ ಬದಿಯ ಮನೆಗೆ ಬಂದು
ಮೆಕ್ಯಾನಿಕ್ಕಿನ ಗುಣ.

ಮೂರನೇ ನೀರಿನಿಂದ ತೆಗೆದು, ಹಳೇ ಬನಿಯನಿನ ತುಂಡಲ್ಲಿ
ಒತ್ತಿ, ದೀಪಕ್ಕೆ ಹಿಡಿದಾಗ
ಕ್ಯಾಲೆಂಡರಿನ ಪಕ್ಕ ಗೋಡೆಯಲ್ಲೊಂದು ಚುಕ್ಕಿ ಬಿತ್ತು.
ನನ್ನ ಕೈ ನಡುಗಿದಂತೆ ಅದೂ.
ಚಾರ್ವಿ ಹಿಡಿಯಲು ಹೋದಳು, ಅಂಗೈಯಲ್ಲಿ ಮುಚ್ಚಿದಳು,
ಅದು ಅವಳ ಕೈಯ ಮೇಲೆ ಕೂತಿತು.
ಇದನ್ನು ಹೊತ್ತುಕೊಂಡು ಅವಳು ಆ ಮಳೆಗಾಲ
ನನಗೆ ಗಂಜಿ ಬಡಿಸಿದ್ದಳು.

ಮೂಗಿನ ತೂತು ಬೇಗ ಮುಚ್ಚಿಕೊಳ್ಳುತ್ತದಂತೆ.
ಬರುವಾಗ ಹಿಡಿಸೂಡಿಯ ಕಡ್ಡಿಯದ್ದೊಂದು ತುಂಡೂ ತಾ,
ಕೂಡಲೇ ಹೋಗದಿದ್ದರೆ ಬೇಕಾದೀತು, ಎಂದಿದ್ದಳು ವಾರಿಜ.
ಕಡ್ಡಿಯನ್ನೂ ಅದೇ ನೀರಲ್ಲಿ ತೊಳೆದೆ.
ಎರಡನ್ನೂ ಲಕೋಟೆಗೆ ಹಾಕಿ
'ಬೆಳಿಗ್ಗೆ'ಯ ಎದುರು ಪೆನ್ನಿನಲ್ಲಿ ಒಂದು ಗೀಟು ಎಳೆದೆ.

ರಿಪೋರ್ಟು ಸಿಗುವುದು ಹನ್ನೊಂದಕ್ಕೆ.
ಬಸ್ಸು ಐದೂವರೆಗೇ ಉಂಟು.